ಯಾವ ವರ್ಷದ ಹಡಗು?

ಹಾಯಿಹಡಗಿನ ಮಾಡೆಲ್ ಮಾಡ್ತೀನಿ ಅಂತ ಹೇಳಿದ ತಕ್ಷಣ ಜನ ಕೇಳೋದು ಎರಡೇ ಪ್ರಶ್ನೆ. ನೀರಿಗೆ ಬಿಟ್ರೆ ತೇಲತ್ತಾ, ಮಾರಿದ್ರೆ ಎಷ್ಟು ಬರತ್ತೆ. ತೇಲಿದ್ರೂ ಪಕ್ಕಕ್ಕೆ ಮಗುಚಿಕೊಳ್ಳತ್ತೆ, ಯಾಕಂದ್ರೆ ನಿಜವಾದ ಹಡಗಿನ ತಳದಲ್ಲಿ ಟನ್‌ಗಟ್ಟಲೆ ಕಬ್ಬಿಣ, ಕಲ್ಲು ತುಂಬಿರ್ತಾರೆ, ನನ್ನದರ ತಳದಲ್ಲಿರೋದು ಬರೀ ಫೆವಿಕಾಲ್. ಇನ್ನು ಮಾರೋ ವಿಷಯ, ಗಂಟೆಗಿಷ್ಟು ಕೂಲಿ ಅಂತ ಲೆಕ್ಕ ಹಾಕಿದ್ರೆ ಕೊಳ್ಳೋರು ಓಡಿಹೋಗ್ತಾರೆ, ಹಾಕದೆ ಇದ್ರೆ ನನಗೆ ಹೊಟ್ಟೆ ಉರಿಯತ್ತೆ, ಅದಕ್ಕೇ ಆ ಮಾತೇ ಬೇಡ ಅಂತ ಬಿಟ್ಟಿದೀನಿ.

ಈ ಹುಚ್ಚು ಹತ್ತಿಸಿಕೊಂಡೋರು ತಮ್ಮತಮ್ಮಲ್ಲೇ ಕೇಳ್ಕೊಳ್ಳೋ ಪ್ರಶ್ನೆ ಬೇರೆ. ವಿಕ್ಟರಿ ಮಾಡ್ತಿದೀನಿ ಅಂದ್ರೆ, ಸರಿ, ಯಾವ ವರ್ಷದ ವಿಕ್ಟರಿ ಅಂತಾರೆ. ಶುರುವಲ್ಲಿ ನನಗಿದು ಸುಮ್ನೆ ಪಾಂಡಿತ್ಯ ತೋರಿಸೋ ಚಟ ಅನ್ಸಿತ್ತು, ಈಗ ಅನ್ಸತ್ತೆ ಇಡೀ ಹವ್ಯಾಸದಲ್ಲಿ ತಲೆ ಕೆಡಿಸಿಕೊಳ್ಳೋಕೆ ಲಾಯಕ್ಕಾದ ಪ್ರಶ್ನೆ ಇದೊಂದೇ, ಮಿಕ್ಕಿದ್ದೆಲ್ಲ ಕೈಕೆಲಸ.

ವಿಕ್ಟರಿಯನ್ನೇ ತಗೊಳ್ಳಿ. ಟ್ರಫಾಲ್ಗರ್ ಯುದ್ಧದಲ್ಲಿ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ಪ್ರಾಣ ಬಿಟ್ಟ ಹಡಗು, 1922ರಿಂದ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ ಡ್ರೈ ಡಾಕ್‌ನಲ್ಲಿ, ಅಂದ್ರೆ ನೀರು ಖಾಲಿ ಮಾಡಿದ ಕಟ್ಟೆಯಲ್ಲಿ, ನಿಂತಿದೆ. 1759ರಲ್ಲಿ ಕಟ್ಟೋಕೆ ಶುರು ಮಾಡಿದ್ರು, 1765ರಲ್ಲಿ ನೀರಿಗಿಳಿಸಿದ್ರು, ಟ್ರಫಾಲ್ಗರ್ ಯುದ್ಧ ಆಗಿದ್ದು 1805ರ ಅಕ್ಟೋಬರ್ 21. ಅಂದ್ರೆ ಅಷ್ಟೊತ್ತಿಗೆ ಅದು 40 ವರ್ಷದ ಹಳೇ ಹಡಗು. ಮೊದಲು ಹಿಂಭಾಗದಲ್ಲಿ ಆಫೀಸರುಗಳು ಹೊರಗೆ ಬಂದು ಗಾಳಿ ತಗೊಳ್ಳೋ ತರ ತೆರೆದ ಬಾಲ್ಕನಿಗಳಿದ್ವು, ಮುಂದೆ ಮೈತುಂಬ ಶಿಲ್ಪ ಇದ್ದ ದೊಡ್ಡ ಫಿಗರ್‌ಹೆಡ್, ಅಂದ್ರೆ ಮೂತಿಯ ಬೊಂಬೆ, ಇತ್ತು. 1800ರಿಂದ 1803ರ ತನಕ ನಡೆದ ದೊಡ್ಡ ರಿಪೇರಿಯಲ್ಲಿ ಬಾಲ್ಕನಿ ಮುಚ್ಚಿದ್ರು, ಶಿಲ್ಪ ಕಡಿಮೆ ಮಾಡಿದ್ರು. ಆಮೇಲೆ ಬಣ್ಣದ ಗಲಾಟೆ. ನಾವೆಲ್ಲ ಫೋಟೋದಲ್ಲಿ ನೋಡಿ ಬೆಳೆದಿದ್ದು ಕಪ್ಪು ಪಟ್ಟಿ, ಮಧ್ಯೆ ಸಾಸಿವೆ-ಕಿತ್ತಳೆ ಮಿಶ್ರ ಹಳದಿ ಪಟ್ಟಿ. ಹಳೇ ಪೇಂಟಿನ ಪದರಗಳನ್ನ ಒಂದೊಂದಾಗಿ ಪರೀಕ್ಷೆ ಮಾಡಿ ನೋಡಿದಾಗ 1805ರ ಹಳದಿ ಇದಕ್ಕಿಂತ ತುಂಬ ತೆಳು, ಸ್ವಲ್ಪ ಗುಲಾಬಿಗೆ ವಾಲಿದ ಬಣ್ಣ ಅಂತ ಗೊತ್ತಾಗಿ 2015ರಲ್ಲಿ ನಿಜವಾದ ಹಡಗಿಗೇ ಹೊಸ ಬಣ್ಣ ಹೊಡೆದ್ರು. ಅದಕ್ಕಿಂತ ಮುಂಚೆ ಮಾಡಿದ ಅಷ್ಟೂ ಮಾಡೆಲ್‌ಗಳು ಒಂದೇ ಏಟಿಗೆ ಹಳೇ ಅಭಿಪ್ರಾಯದ ಮಾಡೆಲ್‌ಗಳಾದ್ವು.

ಸ್ವೀಡನ್ನಿನ ವಾಸಾ ಕಥೆ ಇನ್ನೂ ಮಜಾ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್‌ನಿಂದ ಮೊದಲ ಸಲ ಹಾಯಿ ಬಿಚ್ಚಿ ಹೊರಟಿದ್ದು, ಒಂದೂಕಾಲು ಕಿಲೋಮೀಟರ್ ಆಚೆ ಹೋಗೋದ್ರೊಳಗೆ ಗಾಳಿ ಬಂದು ವಾಲಿ, ತೆರೆದಿದ್ದ ತೋಪಿನ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿಹೋಯ್ತು. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಮರ ತಿನ್ನೋ ಶಿಪ್‌ವರ್ಮ್ ಅಲ್ಲಿ ಬದುಕಲ್ಲ, ಹಾಗಾಗಿ 1961ರಲ್ಲಿ ಮೇಲೆತ್ತಿದಾಗ ಹಡಗು ಹೆಚ್ಚುಕಮ್ಮಿ ಇಡಿಯಾಗೇ ಸಿಕ್ತು. ಸಿಗದೇ ಇದ್ದಿದ್ದು ಬಣ್ಣ. ಹಿಂಭಾಗದ ನೂರಾರು ಶಿಲ್ಪಗಳ ಹಿನ್ನೆಲೆ ನೀಲಿ ಇರಬೇಕು ಅಂತ ಬಹಳ ವರ್ಷ ನಂಬಿದ್ರು, ಹಳೇ ಮಾಡೆಲ್‌ಗಳಲ್ಲೆಲ್ಲ ನೀಲಿ-ಚಿನ್ನ. ಆಮೇಲೆ 1990ರ ದಶಕದಲ್ಲಿ ಮರದೊಳಗೆ ಉಳಿದಿದ್ದ ಬಣ್ಣದ ಕಣಗಳನ್ನ ನೋಡಿ ಅದು ಕೆಂಪು, ಶಿಲ್ಪಗಳೂ ಬರೀ ಚಿನ್ನ ಅಲ್ಲ, ನಮ್ಮ ಜಾತ್ರೆ ತೇರಿನ ತರ ಮೈಬಣ್ಣ, ಹಸಿರು, ಗುಲಾಬಿ ಎಲ್ಲ ಬಳಿದಿದ್ರು ಅಂತ ಗೊತ್ತಾಯ್ತು. ಈ ಹಡಗು ಇಟ್ಟಿರೋ ಸ್ಟಾಕ್‌ಹೋಮ್‌ನ ಮ್ಯೂಸಿಯಮ್ಮಿನಲ್ಲೇ ಇರೋ ಹತ್ತರಲ್ಲೊಂದು ಅಳತೆಯ ಮಾಡೆಲ್ ನೋಡಿದ್ರೆ ಮೊದಲು ಕಣ್ಣಿಗೆ ಹೊಡೆಯತ್ತೆ, ಯೂರೋಪಿನ ರಾಜ ಇಷ್ಟು ಗಾಢ ಬಣ್ಣ ಬಳಿಸಿದ್ನಾ ಅಂತ. ಬಳಿಸಿದ್ದ.

ನಾನೀಗ ಮಾಡ್ತಿರೋದು ಟ್ರಿಂಕೊಮಲಿ. 38 ತೋಪಿನ ಫ್ರಿಗೇಟ್, ಅಂದ್ರೆ ಮಧ್ಯಮ ಗಾತ್ರದ, ಜೋರಾಗಿ ಓಡೋ ಯುದ್ಧನೌಕೆ, ಬ್ರಿಟಿಷ್ ನೌಕಾಪಡೆಗೆ ಅಂತ ಬಾಂಬೆಯಲ್ಲಿ ಕಟ್ಟಿದ್ದು, 1817ರ ಅಕ್ಟೋಬರ್ 12ರಂದು ನೀರಿಗಿಳಿದಿದ್ದು, ಈಗ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇನ್ನೂ ನೀರಿನ ಮೇಲೇ ತೇಲ್ತಾ ಇದೆ. ವಿಕ್ಟರಿ ಹಳೇದಿರಬಹುದು, ಆದ್ರೆ ಅದು ಡಾಕ್‌ನಲ್ಲಿ ಕಂಬಗಳ ಮೇಲೆ ಕೂತಿದೆ, ಇದು ತೇಲತ್ತೆ. ನೆಪೋಲಿಯನ್ ಜೊತೆ ವರ್ಷಾನುಗಟ್ಟಲೆ ಯುದ್ಧ ಮಾಡಿ ಮಾಡಿ ಇಂಗ್ಲೆಂಡಲ್ಲಿ ಓಕ್ ಮರಕ್ಕೆ ತತ್ವಾರ ಬಂದಿತ್ತು, ನಮ್ಮ ಕಡೆ ಪಶ್ಚಿಮ ಘಟ್ಟದಲ್ಲಿ ತೇಗ ಇತ್ತು, ಮಲಬಾರ್ ಕೆನರಾ ಕಾಡುಗಳಿಂದ ಹೊಳೆಯಲ್ಲಿ ತೇಲಿಬಿಟ್ಟ ದಿಮ್ಮಿಗಳು ಕರಾವಳಿಗೆ ಬಂದು ಅಲ್ಲಿಂದ ಬಾಂಬೆ ಡಾಕ್‌ಯಾರ್ಡಿಗೆ ಹೋಗ್ತಿದ್ವು. ತೇಗದಲ್ಲಿ ಎಣ್ಣೆ ಅಂಶ ಇರೋದ್ರಿಂದ ಬೇಗ ಕೊಳೆಯಲ್ಲ, ಓಕ್ ತರ ಕಬ್ಬಿಣದ ಮೊಳೆಯನ್ನ ತಿಂದುಹಾಕಲ್ಲ. ಅಷ್ಟು ವರ್ಷದ ಮೇಲೂ ಹಡಗು ಉಳ್ಕೊಂಡಿದ್ರೆ ಆ ಕಾಡಿಗೆ ಒಂದು ಪಾಲು ಕ್ರೆಡಿಟ್ ಕೊಡಬೇಕು.

ಕಟ್ಟಿದ್ದು ವಾಡಿಯಾಗಳು. ಲೌಜಿ ನಸರ್ವಾಂಜಿ ವಾಡಿಯಾ 1736ರಲ್ಲಿ ಸೂರತ್‌ನಿಂದ ಬಾಂಬೆಗೆ ಬಂದಾಗಿಂದ ಆ ಪಾರ್ಸಿ ಮನೆತನ ತಲೆಮಾರುಗಳ ಕಾಲ ಹಡಗು ಕಟ್ಟಿಕೊಂಡೇ ಇತ್ತು. ಟ್ರಿಂಕೊಮಲಿ ಕಟ್ಟಿದ ಜಮ್‌ಶೆಟ್‌ಜಿ ಬೊಮನ್‌ಜಿ ಅದಕ್ಕೆ ಮುಂಚೆ 1810ರಲ್ಲಿ ಮಿಂಡೆನ್ ಅನ್ನೋ 74 ತೋಪಿನ ದೊಡ್ಡ ಯುದ್ಧನೌಕೆ ಕಟ್ಟಿದ್ದ. ಈತನ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ, ಒಂದು ಹಡಗಿನ ತಳದ ಮರದಲ್ಲಿ ಯಾರಿಗೂ ಕಾಣದ ಹಾಗೆ ‘ಇದನ್ನು ಕಟ್ಟಿದವನು ಒಬ್ಬ ಹಾಳು ಕರಿಯ’ ಅಂತ ಕೆತ್ತಿಟ್ಟಿದ್ದನಂತೆ, ವರ್ಷಗಳಾದ್ಮೇಲೆ ರಿಪೇರಿಗೆ ಬಂದಾಗ ಅವನೇ ಅದನ್ನ ತೋರಿಸಿದ್ನಂತೆ. ಕಥೆ ಎಷ್ಟು ನಿಜವೋ, ಆದ್ರೆ ಕೆಲಸ ಬಲ್ಲವನ ಸಿಟ್ಟು ಹೇಗಿರತ್ತೆ ಅನ್ನೋದಂತೂ ಇದರಲ್ಲಿ ಸರಿಯಾಗಿ ಬಂದಿದೆ. ಟ್ರಿಂಕೊಮಲಿ ಶುರು ಮಾಡುವಾಗ ಪಾರ್ಸಿ ಪದ್ಧತಿಯಂತೆ ಕೀಲ್‌ಗೆ, ಅಂದ್ರೆ ಹಡಗಿನ ಬೆನ್ನೆಲುಬಿನ ಮರಕ್ಕೆ, ಒಂದು ಬೆಳ್ಳಿ ಮೊಳೆ ಹೊಡೆದಿದ್ರು. ನಾನೂ ಗೆಜ್ಜೆ ರಿಪೇರಿ ಮಾಡೋ ಅಂಗಡಿಯಿಂದ ಒಂದು ಚೂರು ಬೆಳ್ಳಿ ತಂತಿ ತಂದು ಕೀಲ್‌ನಲ್ಲಿ ತೂತು ಮಾಡಿ ಹಾಕಿದೀನಿ. ಪ್ಲಾಂಕಿಂಗ್, ಅಂದ್ರೆ ಹೊರಗಿನ ಪಟ್ಟಿ ಹೊದಿಸೋ ಕೆಲಸ, ಆದ್ಮೇಲೆ ಅದು ಯಾರಿಗೂ ಕಾಣಲ್ಲ. ಇರಲಿ.

ಡ್ರಾಯಿಂಗ್ ವಿಷಯ ಇನ್ನೊಂದು ಸಿನಿಮಾ. ಲಂಡನ್ನಿಂದ ಬಾಂಬೆಗೆ ಕಳಿಸಿದ ಮೊದಲ ಸೆಟ್ ನಕ್ಷೆಗಳು ಜಾವಾ ಅನ್ನೋ ಹಡಗಿನಲ್ಲಿದ್ವು, 1812ರ ಡಿಸೆಂಬರಲ್ಲಿ ಬ್ರೆಜಿಲ್ ಕರಾವಳಿ ಹತ್ರ ಅಮೆರಿಕದ ಕಾನ್‌ಸ್ಟಿಟ್ಯೂಶನ್ ಅನ್ನೋ ಯುದ್ಧನೌಕೆ ಆ ಜಾವಾವನ್ನ ಸೋಲಿಸಿ ಸುಟ್ಟುಹಾಕ್ತು. ಮತ್ತೆ ಇನ್ನೊಂದು ಸೆಟ್ ಕಳಿಸಬೇಕಾಯ್ತು. ಆ ನಕ್ಷೆಯಾದ್ರೂ ಇಂಗ್ಲಿಷರ ಸ್ವಂತದ್ದಾ ಅಂದ್ರೆ ಅದೂ ಅಲ್ಲ, 1782ರಲ್ಲಿ ಫ್ರೆಂಚರಿಂದ ಹಿಡಿದ ಹೀಬಿ ಅನ್ನೋ ಫ್ರಿಗೇಟ್‌ನ ಆಕಾರ ಅಳೆದು ತಯಾರು ಮಾಡಿದ ಲೀಡಾ ಡಿಸೈನ್. ಫ್ರೆಂಚರ ಆಕಾರ, ಇಂಗ್ಲಿಷರ ಕಾಗದ, ಪಾರ್ಸಿ ಮೇಸ್ತ್ರಿ, ಘಟ್ಟದ ಮರ, ಸಿಂಹಳದ ಬಂದರಿನ ಹೆಸರು. ಅದಕ್ಕೇ ಈ ಹಡಗು ನನಗೆ ಇಷ್ಟ ಆಗಿದ್ದು.

ಈಗ ಕೈಕೆಲಸಕ್ಕೆ ಬರೋಣ. ತೇಗದ ಹಡಗು ಅಂದ್ಮೇಲೆ ತೇಗದಲ್ಲೇ ಮಾಡ್ತೀಯಲ್ವಾ ಅಂತ ಎಲ್ಲರೂ ಕೇಳ್ತಾರೆ. ಆಗಲ್ಲ. ತೇಗದ ಎಳೆ ಒರಟು, ರಂಧ್ರ ದೊಡ್ಡದು. 64ರಲ್ಲೊಂದು ಅಳತೆಗೆ ಇಳಿಸಿದಾಗ ಹಡಗು ಚಿಕ್ಕದಾಗತ್ತೆ, ಮರದ ಎಳೆ ಚಿಕ್ಕದಾಗಲ್ಲ. ಈ ಅಳತೆಯಲ್ಲಿ ಒಬ್ಬ ನಾವಿಕ ಎರಡೂವರೆ ಸೆಂಟಿಮೀಟರ್ ಚಿಲ್ಲರೆ ಎತ್ತರ, ತೇಗದ ಪಟ್ಟಿ ಹಾಕಿದ್ರೆ ಅದರ ಮೇಲಿನ ಒಂದೊಂದು ಗೀರೂ ಅವನ ಬೆರಳು ಹೋಗೋವಷ್ಟು ಅಗಲ ಕಾಣತ್ತೆ. ಓಕ್ ಕೂಡ ಇದೇ ಕಾರಣಕ್ಕೆ ಬಳಸಲ್ಲ. ಪರದೇಶದವರು ಪೇರ್ ಮರ, ಬಾಕ್ಸ್‌ವುಡ್, ಲೈಮ್ ಅಂತ ಬಳಸ್ತಾರೆ, ಎಳೆನೇ ಕಾಣದ ಮರಗಳು. ನಮಗೆ ಅದೆಲ್ಲ ತರಿಸೋಕೆ ಹೋದ್ರೆ ಮರಕ್ಕಿಂತ ಕೊರಿಯರ್ರು, ಕಸ್ಟಮ್ಸೇ ಜಾಸ್ತಿ. ಆದ್ರೆ ಚನ್ನಪಟ್ಟಣದ ಗೊಂಬೆ ಮಾಡೋ ಹಾಲೆ ಮರ ಇದೆಯಲ್ಲ, ಅದು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬೆಳ್ಳಗೆ, ನುಣ್ಣಗೆ, ಚಾಕು ಯಾವ ಕಡೆ ತಿರುಗಿಸಿದ್ರೂ ಸಿಬಿರು ಏಳಲ್ಲ. ಡೆಕ್ ಮೇಲಿನ ಸಣ್ಣ ಸಾಮಾನು, ಹಗ್ಗ ಎಳೆಯೋ ರಾಟೆಗಳಾದ ಬ್ಲಾಕ್‌ಗಳು, ಮುಂದಿನ ಪೇಟ ಕಟ್ಟಿದ ಗಂಡಸಿನ ಫಿಗರ್‌ಹೆಡ್ ಎಲ್ಲ ಇದರಲ್ಲೇ. ಟ್ರಿಂಕೊಮಲಿ ತೇಗದಿಂದ ಹುಟ್ಟಿದ್ದು ನಿಜ, ನನ್ನ ಮನೆಯಲ್ಲಿ ಅದು ಹಾಲೆ ಮರದ್ದು, ತೇಗದ ಬಣ್ಣಕ್ಕೆ ಹತ್ರ ಬರೋ ಹಾಗೆ ಸ್ವಲ್ಪ ಸ್ಟೇನ್ ಬಳಿದಿದ್ದು.

ಒಡಲು ಕಟ್ಟೋ ವಿಧಾನ ಗೊತ್ತಿಲ್ಲದೋರಿಗೆ ಚುಟುಕಾಗಿ ಹೇಳ್ತೀನಿ. ಉದ್ದಕ್ಕೆ ಒಂದು ಪ್ಲೈವುಡ್ ಬೆನ್ನೆಲುಬು, ಅದಕ್ಕೆ ಅಡ್ಡಡ್ಡ ಪಕ್ಕೆಲುಬಿನ ತರದ ಬಲ್ಕ್‌ಹೆಡ್ ಹಲಗೆಗಳು, ಅದರ ಮೇಲೆ ತೆಳು ಪಟ್ಟಿಗಳನ್ನ ಒಂದರ ಪಕ್ಕ ಒಂದು ಅಂಟಿಸ್ತಾ ಹೋಗೋದು. ಹೇಳೋಕೆ ಸುಲಭ. ತೊಂದರೆ ಏನಂದ್ರೆ ಹಡಗಿನ ಹೊಟ್ಟೆ ಮಧ್ಯದಲ್ಲಿ ದಪ್ಪ, ಮೂತಿ ಹತ್ರ ಸಣ್ಣ, ಸುತ್ತಳತೆ ಒಂದೇ ಸಮ ಇರಲ್ಲ, ಪಟ್ಟಿಗಳ ಸಂಖ್ಯೆ ಮಾತ್ರ ಎರಡೂ ಕಡೆ ಅಷ್ಟೇ ಇರಬೇಕು. ಹಾಗಾಗಿ ಪ್ರತಿ ಪಟ್ಟಿಯನ್ನೂ ಮೂತಿ ಕಡೆಗೆ ಕಿರಿದು ಮಾಡ್ತಾ ಹೆರೀಬೇಕು, ಹಿಂಭಾಗದಲ್ಲಿ ಜಾಗ ಜಾಸ್ತಿಯಾಗಿ ಬಾಯಿ ಬಿಡತ್ತೆ, ಅಲ್ಲಿ ತ್ರಿಕೋನದ ಚೂರು ಸೇರಿಸಬೇಕು. ಅದಕ್ಕೂ ಮುಂಚೆ ಬಲ್ಕ್‌ಹೆಡ್‌ಗಳ ಅಂಚನ್ನ ಸ್ಯಾಂಡ್‌ಪೇಪರಲ್ಲಿ ಉಜ್ಜಿ ಓರೆ ಮಾಡಬೇಕು, ಒಂದು ಉದ್ದ ಪಟ್ಟಿ ಅಡ್ಡ ಹಿಡಿದು ನೋಡಿದ್ರೆ ಎಲ್ಲ ಕಡೆ ಕೂತ್ಕೋಬೇಕು, ಎಲ್ಲೂ ಬೆಳಕು ಕಾಣಬಾರದು. ಇಲ್ಲಿ ಅವಸರ ಮಾಡಿದೋರ ಹಡಗು ದೂರದಿಂದಲೇ ಗೊತ್ತಾಗತ್ತೆ, ಮೂತಿ ಹತ್ರ ಒಂದು ಚಪ್ಪಟೆ ಜಾಗ ಇರತ್ತೆ, ಎಷ್ಟು ಪೇಂಟ್ ಹೊಡೆದ್ರೂ ಹೋಗಲ್ಲ.

ಪಟ್ಟಿ ಬಗ್ಗಿಸೋದೇ ಒಂದು ಸುಖ. ನೀರಲ್ಲಿ ನೆನೆಸಿ, ಬಿಸಿ ಮಾಡಿದ ಹಳೇ ಸಾಲ್ಡರಿಂಗ್ ಐರನ್ನಿನ ಕೊಳವೆ ಮೇಲೆ ಮೆಲ್ಲಗೆ ಎಳೀತಾ ಹೋದ್ರೆ ಮರದೊಳಗೆ ಏನೋ ಸಡಿಲ ಆದದ್ದು ಬೆರಳಿಗೆ ಗೊತ್ತಾಗತ್ತೆ, ಆವಿ ವಾಸನೆ ಬರತ್ತೆ, ಅದೇ ಕ್ಷಣಕ್ಕೆ ಬಗ್ಗಿಸಬೇಕು, ಒಂದು ಸೆಕೆಂಡ್ ಮುಂಚೆ ಆದ್ರೆ ಮುರಿಯತ್ತೆ, ತಡ ಆದ್ರೆ ಕಪ್ಪಾಗತ್ತೆ. ಈ ಹೊತ್ತಲ್ಲಿ ಫೋನ್ ಬಂದ್ರೆ ತೆಗಿಯಲ್ಲ, ಯಾರೇ ಆಗಿರಲಿ.

ನೀರಿನ ಕೆಳಗಿನ ಭಾಗಕ್ಕೆ ತಾಮ್ರ. ಶಿಪ್‌ವರ್ಮ್ ಮರ ಕೊರೀದೇ ಇರಲಿ, ಪಾಚಿ ಚಿಪ್ಪು ಹತ್ತದೆ ಹಡಗು ಜೋರಾಗಿ ಓಡಲಿ ಅಂತ 18ನೇ ಶತಮಾನದ ಕೊನೆಯಿಂದ ಬ್ರಿಟಿಷರು ಯುದ್ಧನೌಕೆಗಳಿಗೆಲ್ಲ ತಾಮ್ರದ ತಗಡು ಹೊಡೆಯೋಕೆ ಶುರು ಮಾಡಿದ್ರು. ಒಂದೊಂದು ತಗಡು 4 ಅಡಿ ಉದ್ದ, 14 ಇಂಚು ಅಗಲ. ನನ್ನ ಅಳತೆಯಲ್ಲಿ 19 ಮಿಲಿಮೀಟರ್‌ಗೆ ಐದೂವರೆ. ಒಂದರ ಅಂಚು ಇನ್ನೊಂದರ ಮೇಲೆ ಬರಬೇಕು, ಹಿಂದಿನಿಂದ ಶುರು ಮಾಡಿ ಮುಂದಕ್ಕೆ ಬರಬೇಕು, ನೀರು ಹರಿಯುವಾಗ ಅಂಚು ಎತ್ತಿಕೊಳ್ಳಬಾರದು ಅಂತ. ಮೊಳೆ ಗುರುತಿನ ಬಗ್ಗೆ ನಮ್ಮಲ್ಲಿ ದೊಡ್ಡ ಜಗಳ ಇದೆ. ಕಿಟ್ ಕಂಪನಿಗಳು ಕೊಡೋ ತಗಡಿನಲ್ಲಿ ಮೊಳೆ ತಲೆಗಳು ಗುಳ್ಳೆ ಎದ್ದ ಹಾಗೆ ಉಬ್ಬಿರತ್ತೆ, ನಿಜದಲ್ಲಿ ಮೊಳೆ ತಗಡಿನ ಮಟ್ಟಕ್ಕೇ ಕೂತಿರೋದು, ಹತ್ತಡಿ ಆಚೆಯಿಂದ ಕಾಣೋದೇ ಇಲ್ಲ. ನಾನು ಗುರುತೇ ಹಾಕಲ್ಲ, ಬರೀ ತಗಡು. ನೋಡೋಕೆ ಡಲ್ಲು ಅಂತಾರೆ. ಇರಲಿ ಬಿಡಿ, ಇನ್ನು ಕೆಲವು ತಿಂಗಳಿಗೆ ಅದು ತಾನಾಗೇ ಕಂದು ತಿರುಗತ್ತೆ, ಆಗ ಚೆನ್ನಾಗಿರತ್ತೆ.

ರಿಗ್ಗಿಂಗ್ ಅಂದ್ರೆ ಹಗ್ಗದ ಕೆಲಸ, ಅಲ್ಲಿಗೆ ಬಂದಾಗ ಅರ್ಧ ಜನ ಬಿಟ್ಟು ಹೋಗ್ತಾರೆ. ಹಾಯಿಯ ಕಂಬವನ್ನ ಎರಡೂ ಪಕ್ಕದಿಂದ ಎಳೆದು ಹಿಡಿಯೋ ದಪ್ಪ ಹಗ್ಗಗಳು ಶ್ರೌಡ್‌ಗಳು, ಅವುಗಳಿಗೆ ಅಡ್ಡಡ್ಡ ಏಣಿ ಮೆಟ್ಟಿಲಿನ ತರ ಕಟ್ಟೋ ಸಣ್ಣ ಹಗ್ಗ ರ‍್ಯಾಟ್‌ಲೈನ್. ನಾವಿಕ ಹತ್ತೋ ಮೆಟ್ಟಿಲು, ಮೆಟ್ಟಿಲಿಗೂ ಮೆಟ್ಟಿಲಿಗೂ ಸುಮಾರು 14 ಇಂಚು, ನನಗದು ಐದೂವರೆ ಮಿಲಿಮೀಟರ್. ಗೆರೆ ಎಳೆದ ಒಂದು ಕಾರ್ಡ್‌ಬೋರ್ಡನ್ನ ಶ್ರೌಡ್ ಹಿಂದೆ ಸಿಕ್ಕಿಸಿ ಒಂದೊಂದು ದಾಟುವಿಕೆಗೂ ಒಂದೊಂದು ಕ್ಲೋವ್ ಹಿಚ್ ಗಂಟು ಹಾಕ್ತಾ ಹೋಗೋದು. ಗಂಟು ಬಿಗಿಯಾಗಬೇಕು, ಎಳೆತ ಇರಬಾರದು, ಒಂಚೂರು ಜಾಸ್ತಿ ಎಳೆದ್ರೂ ಹೊರಗಿನ ಶ್ರೌಡ್‌ಗಳು ಒಳಗೆ ಬಂದು ಸೊಂಟ ಹಿಡಿದ ಹಾಗಾಗತ್ತೆ, ಅದು ಹತ್ತು ಸಾಲು ಮೇಲೆ ಹೋದ್ಮೇಲೇ ಕಣ್ಣಿಗೆ ಬೀಳೋದು. ಫ್ಯಾನ್ ಹಾಕೋ ಹಾಗಿಲ್ಲ, ದಾರ ಹಾರತ್ತೆ. ಮೊಸಾಯಿಕ್ ನೆಲಕ್ಕೆ ಬಿದ್ದ 3 ಮಿಲಿಮೀಟರಿನ ಬ್ಲಾಕು ವಾಪಸ್ ಸಿಗಲ್ಲ, ಆ ನೆಲವನ್ನ ಡಿಸೈನ್ ಮಾಡಿದೋನು ನಮ್ಮ ವೈರಿ. ದಾರ ಚಿಕ್ಕಪೇಟೆಯದ್ದು, ಪಾಲಿಯೆಸ್ಟರ್, ಹತ್ತಿ ದಾರ ಮಳೆಗಾಲಕ್ಕೊಂದು ತರ, ಮಾರ್ಚಿಗೊಂದು ತರ ಆಡತ್ತೆ. ಜೇನುಮೇಣದ ಉಂಡೆ ಮೇಲೆ ಎಳೆದ್ರೆ ಜುಂಗು ಕೂರತ್ತೆ. ನಿಲ್ಲಿಸಿ ಕಟ್ಟಿದ ಹಗ್ಗಕ್ಕೆಲ್ಲ ಟಾರ್ ಬಳೀತಿದ್ರು, ಅದು ಕಪ್ಪಿಗೆ ಹತ್ರದ ಕಂದು; ಎಳೆದು ಬಿಟ್ಟು ಮಾಡೋ ಹಗ್ಗ ಸೆಣಬಿನ ಬಣ್ಣ.

ಇಷ್ಟು ಸಾಮಾನು, ಇಷ್ಟು ಪುಸ್ತಕ, ಇಷ್ಟು ಬೆಳಕು ಇದ್ದೂ ಗೊಣಗ್ತೀವಿ. ನೆಪೋಲಿಯನ್ ಯುದ್ಧದ ಟೈಮಲ್ಲಿ ಇಂಗ್ಲೆಂಡಿನ ನಾರ್ಮನ್ ಕ್ರಾಸ್ ಅನ್ನೋ ಕಡೆ ಸೆರೆ ಇದ್ದ ಫ್ರೆಂಚ್ ಖೈದಿಗಳು ಊಟದಲ್ಲಿ ಮಿಕ್ಕ ಮಾಂಸದ ಮೂಳೆಯನ್ನ ಕುದಿಸಿ ಬಿಳಿ ಮಾಡಿ, ಸೀಳಿ, ಅದರಲ್ಲಿ ಹಡಗು ಮಾಡ್ತಿದ್ರು, ಹಗ್ಗಕ್ಕೆ ಕೆಲವು ಸಲ ಕೂದಲು. ಜೈಲಿನ ಗೇಟ್ ಹತ್ರ ಸಂತೆಯಲ್ಲಿ ಮಾರಿ ದುಡ್ಡು ಮಾಡ್ಕೊಳ್ತಿದ್ರು, ಈಗ ಪೀಟರ್‌ಬರೋ ಮ್ಯೂಸಿಯಮ್ಮಲ್ಲಿ ಅವರ ಕೆಲಸದ ದೊಡ್ಡ ಸಂಗ್ರಹ ಇದೆ. ಎದುರಿಗೆ ನಕ್ಷೆ ಇಲ್ಲ, ನೆನಪಿಂದ ಮಾಡಿದ್ದು, ಹಾಗಾಗಿ ಅಳತೆ ತಪ್ಪಿರತ್ತೆ, ಕಂಬಗಳು ಜಾಸ್ತಿ ಎತ್ತರ. ಅವುಗಳಿಗೆ ಯಾವ ವರ್ಷದ ಹಡಗು ಅಂತ ಕೇಳೋಕಾಗಲ್ಲ. ಅದಕ್ಕೆ ತದ್ವಿರುದ್ಧ ಬ್ರಿಟಿಷ್ ನೌಕಾಪಡೆಯ ಆಡಳಿತ ಮಂಡಳಿಯ ಹೆಸರಿನ ನೇವಿ ಬೋರ್ಡ್ ಮಾಡೆಲ್‌ಗಳು, 17-18ನೇ ಶತಮಾನದಲ್ಲಿ ಹಡಗಿನ ಜೊತೆಗೇ, ಸಾಮಾನ್ಯವಾಗಿ 48ರಲ್ಲೊಂದು ಅಳತೆಗೆ ಮಾಡಿದ್ದು, ಕೆಳಭಾಗಕ್ಕೆ ಹಲಗೆ ಹಾಕದೆ ಪಕ್ಕೆಲುಬು ಕಾಣೋ ಹಾಗೆ ಬಿಟ್ಟಿದ್ದು. ಎರಡರಲ್ಲಿ ಒಂದನ್ನ ಮನೆಗೆ ತಗೊಂಡು ಹೋಗು ಅಂದ್ರೆ ನಾನು ಮೂಳೆಯದ್ದನ್ನೇ ಎತ್ಕೊಂಡು ಬರ್ತೀನಿ.

ಮತ್ತೆ ಟ್ರಿಂಕೊಮಲಿಯ ವರ್ಷದ ವಿಷಯ. ಬಾಂಬೆಯಿಂದ ಹೊರಟು 1819ರ ಏಪ್ರಿಲಲ್ಲಿ ಪೋರ್ಟ್ಸ್‌ಮತ್‌ಗೆ ಬಂದು ಸೇರೋ ಹೊತ್ತಿಗೆ ಯುದ್ಧ ಮುಗಿದು ವರ್ಷಗಳಾಗಿತ್ತು, ನೆಪೋಲಿಯನ್ ಸೇಂಟ್ ಹೆಲೆನಾದಲ್ಲಿ ಸೆರೆ ಇದ್ದ. ಹಡಗು ಯಾರಿಗೂ ಬೇಡ. ರಿಸರ್ವ್‌ನಲ್ಲಿ ಸುಮ್ನೆ ಕಟ್ಟಿಹಾಕಿದ್ರು, 1845ರ ತನಕ. ಆಮೇಲೆ ಹೊರಗೆ ತೆಗೆದು, ತೋಪುಗಳ ಸಂಖ್ಯೆ ಇಳಿಸಿ ದೊಡ್ಡ ತೋಪು ಕೂರಿಸಿ, ಚೌಕ ಇದ್ದ ಹಿಂಭಾಗವನ್ನ ಗುಂಡಗೆ ಮಾಡಿ, ಫ್ರಿಗೇಟ್ ಅಂತಿದ್ದದ್ದನ್ನ ಅದಕ್ಕಿಂತ ಕೆಳಗಿನ ದರ್ಜೆಯ ಕಾರ್ವೆಟ್ ಅಂತ ಮಾಡಿ ಕಳಿಸಿದ್ರು. ಅಂದ್ರೆ ಸಮುದ್ರದಲ್ಲಿ ಸರ್ವಿಸ್ ಮಾಡಿದ ಟ್ರಿಂಕೊಮಲಿ ವಾಡಿಯಾ ಕಟ್ಟಿಕೊಟ್ಟ ಆಕಾರದ್ದಲ್ಲ, ವಾಡಿಯಾ ಕಟ್ಟಿದ ಆಕಾರದ್ದು ಸರ್ವಿಸ್ ಮಾಡಲೇ ಇಲ್ಲ. 38 ತೋಪಿನ ಫ್ರಿಗೇಟ್ ಟ್ರಿಂಕೊಮಲಿ ಅನ್ನೋದು ಕಾಗದದ ಮೇಲೆ ಮಾತ್ರ ಬಾಳಿದ ಹಡಗು. ಹಾರ್ಟ್ಲ್‌ಪೂಲ್‌ನಲ್ಲಿ ನೋಡಿ ಬಂದೋರು, ಗುಂಡಗಿನ ಹಿಂಭಾಗ ಮಾಡು, ಎಲ್ಲದಕ್ಕೂ ಫೋಟೋ ಇದೆ, ಅಳತೆ ಇದೆ, ವಾದಕ್ಕೆ ಜಾಗ ಇಲ್ಲ ಅಂತಾರೆ. ಅದು ಬುದ್ಧಿವಂತರ ಮಾತು.

2025ರ ಮೇ ತಿಂಗಳಲ್ಲಿ, ನಮ್ಮ ಕಾರವಾರದಲ್ಲಿ ನೌಕಾಪಡೆಗೆ ಕೌಂಡಿನ್ಯ ಅನ್ನೋ ಹಾಯಿಹಡಗು ಸೇರ್ತಲ್ಲ, ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ದು, ಅದಕ್ಕೆ ಆಧಾರ ಇದ್ದದ್ದು ಅಜಂತಾದ ಒಂದು ಚಿತ್ರ, ಅಷ್ಟೆ. ನಕ್ಷೆ ಇಲ್ಲ, ಉಳಿದ ಹಡಗಿಲ್ಲ. ಚಿತ್ರ ನೋಡಿ ಆಕಾರ ಊಹಿಸಿ, ಸಣ್ಣ ಮಾಡೆಲ್ ಮಾಡಿ ಐಐಟಿ ಮದ್ರಾಸ್‌ನಲ್ಲಿ ನೀರಿನ ಪರೀಕ್ಷೆ ನಡೆಸಿ, ಆಮೇಲೆ ದೊಡ್ಡದು ಕಟ್ಟಿದ್ರು. ಅದು ಯಾವ ವರ್ಷದ ಹಡಗು? ಐದನೇ ಶತಮಾನದ್ದೂ ಹೌದು, 2025ರದ್ದೂ ಹೌದು. ಅದರ ಸುದ್ದಿ ಓದಿದ್ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು.

ನಾನು ಚೌಕದ ಹಿಂಭಾಗವೇ ಮಾಡ್ತಿದೀನಿ. ಬಾಂಬೆ ಬಿಟ್ಟು ಹೊರಟ ಹಡಗು, ಪೋರ್ಟ್ಸ್‌ಮತ್ ಮುಟ್ಟೋಕೆ ಮುಂಚಿನದ್ದು. ಯುದ್ಧದ ಸಿದ್ಧತೆ ಎಲ್ಲ ಅಲ್ಲಿಗೆ ಹೋದ್ಮೇಲೆ ಆಗಬೇಕಾದ್ದು, ಹಾಗಾಗಿ ತೋಪಿನ ಕಿಂಡಿಗಳನ್ನೆಲ್ಲ ಮುಚ್ಚಿದ ಹಾಗೇ ಇಡ್ತೀನಿ. ಕಿಂಡಿ ಮುಚ್ಚಿದ್ರೆ ಯುದ್ಧನೌಕೆ ಅಂತ ಯಾರಿಗೂ ಅನ್ಸಲ್ಲ, ಅಕ್ಕಿ ಸಾಗಿಸೋ ಹಡಗಿನ ತರ ಕಾಣತ್ತೆ ಅಂತ ಇದೇ ಹುಚ್ಚಿನ ಗೆಳೆಯನೊಬ್ಬ ಬೈದ. ಅವನು ವಿಕ್ಟರಿ ಹಿಡ್ಕೊಂಡಿದಾನೆ, 104 ತೋಪು, ಒಂದೊಂದಕ್ಕೂ ಹಗ್ಗ, ಬ್ಲಾಕು, ಚಕ್ರದ ಗಾಡಿ, ಮೇಲೆ ಆ ಗುಲಾಬಿ ಹಳದಿ ಯಾವ ಡಬ್ಬಿಯಲ್ಲಿ ಸಿಗತ್ತೆ ಅಂತ ಎಸ್.ಪಿ. ರೋಡಿಂದ ಶುರು ಮಾಡಿ ಊರೆಲ್ಲ ಅಲೀತಿದಾನೆ. ನನಗಿನ್ನೂ ಎಡಗಡೆಯ ತಾಮ್ರ ಪೂರ್ತಿ ಬಾಕಿ ಇದೆ.